ಡಿಸ್ಚಾರ್ಜ್ ದಿನ ಹೇಳಿದ ಮಾತು

೧೯೮೯ರಲ್ಲಿ ನಾನು ಲಿಂಗಸುಗೂರು ತಾಲ್ಲೂಕಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ನನಗೆ ಆಗ ಮೂವತ್ತೊಂದು. ಮೂವತ್ತು ಹಾಸಿಗೆಗಳ ಆಸ್ಪತ್ರೆ, ಇಬ್ಬರು ಡಾಕ್ಟರು, ನಾಲ್ವರು ನರ್ಸುಗಳು. ಗಂಡಸರ ವಾರ್ಡಿನ ಹಗಲು ಡ್ಯೂಟಿ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿತ್ತು. ನಾನು ಯಾವುದಕ್ಕೂ ಬೇಡ ಅನ್ನುತ್ತಿರಲಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಎರಡು ವರ್ಷ ಹಿಂದೆ ನನ್ನ ಗಂಡ ತೀರಿಕೊಂಡಿದ್ದರು. ಮಸ್ಕಿಯ ಶಾಲೆಯೊಂದರಲ್ಲಿ ಮಾಸ್ತರರಾಗಿದ್ದರು. ಕಾಮಾಲೆ ಎಂದು ಮಲಗಿದವರು ಹನ್ನೊಂದನೆಯ ದಿನ ಹೋದರು. ಕಾರ್ಯ ಮುಗಿಸಿ ನಾನು ಡ್ಯೂಟಿಗೆ ಬಂದೆ. ಗಟ್ಟಿ ಹೆಂಗಸು ಎಂದು ಎಲ್ಲರೂ ಅಂದರು. ಅದು ಗಟ್ಟಿತನವಾಗಿರಲಿಲ್ಲ. ನನಗೆ ಏನೂ ತಟ್ಟುತ್ತಿರಲಿಲ್ಲ, ಅಷ್ಟೇ. ಉಂಡದ್ದರ ರುಚಿ ತಿಳಿಯುತ್ತಿರಲಿಲ್ಲ. ವಾರ್ಡಿನಲ್ಲಿ ಯಾರಾದರೂ ಸತ್ತರೆ ಚಾದರ ಬದಲಿಸಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಕೆಲಸದಲ್ಲಿ ತಪ್ಪು ಮಾತ್ರ ಮಾಡುತ್ತಿರಲಿಲ್ಲ. ಹಾಗೆಂದು ನಾನು ತಿಳಿದಿದ್ದೆ.

ಆ ವರ್ಷ ಫೆಬ್ರವರಿಯಲ್ಲಿ ಅಮರಪ್ಪನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದರು. ಸಂತೆಕಲ್ಲೂರಿನವನು. ನಲವತ್ತೊಂದು ವರ್ಷ. ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ವಾರವೆಲ್ಲ ಅಲ್ಲಿಯೇ ಇದ್ದು, ಮಿಲ್ಲಿಗೆ ರಜೆ ಇದ್ದ ದಿನ ಬಸ್ಸು ಹಿಡಿದು ಊರಿಗೆ ಬರುತ್ತಿದ್ದ. ಹಾಗೆ ಬಂದಾಗಲೇ ಅಂಗಳದಲ್ಲಿ ಕುಸಿದು ಬಿದ್ದಿದ್ದ. ಬೆನ್ನು, ಭುಜ ಕಲ್ಲಿನಂತಿದ್ದ ಆಳು. ಎಡಗೈ, ಎಡಗಾಲು ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು. ಬಾಯಿ ಸೊಟ್ಟಗಾಗಿತ್ತು. ಬಿ.ಪಿ. ೨೩೦/೧೩೦. ಅದುವರೆಗೆ ಯಾರೂ ಅವನ ಬಿ.ಪಿ. ನೋಡಿರಲಿಲ್ಲ.

ಮಿದುಳಿನ ಒಂದು ಭಾಗಕ್ಕೆ ರಕ್ತ ಹೋಗುವುದು ನಿಂತರೆ, ಇಲ್ಲವೆ ಅಲ್ಲಿ ರಕ್ತನಾಳ ಒಡೆದರೆ ಅದನ್ನು ಸ್ಟ್ರೋಕ್ ಎನ್ನುತ್ತಾರೆ. ಪುಸ್ತಕದಲ್ಲಿ ಪಾರ್ಶ್ವವಾಯು, ನಮ್ಮ ಕಡೆ ಲಕ್ವಾ. ಮಿದುಳಿನ ಬಲಭಾಗಕ್ಕೆ ಪೆಟ್ಟಾದರೆ ದೇಹದ ಎಡಭಾಗ ಬೀಳುತ್ತದೆ. ಸ್ಕ್ಯಾನಿಂಗ್ ಎಂಬುದು ಆಗ ನಮ್ಮ ಜಿಲ್ಲೆಯವರಿಗೆ ದೂರದ ಮಾತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನಿಗೆ ಹುಣ್ಣಾಗದಂತೆ ಪೌಡರ್ ಹಚ್ಚುವುದು, ಮೂತ್ರಕ್ಕೆ ಹಾಕಿದ ನಳಿಗೆ ತೆಗೆದ ಮೇಲೆ ತಾನಾಗಿ ಹೋಗುತ್ತಾನೋ ಇಲ್ಲವೋ ನೋಡುವುದು, ಕೈಕಾಲಿಗೆ ವ್ಯಾಯಾಮ ಮಾಡಿಸುವುದು, ಇದೇ ನಮ್ಮ ಚಿಕಿತ್ಸೆ. ಅವನ ಹೆಂಡತಿ ಹುಲಿಗೆಮ್ಮ ಎಲ್ಲವನ್ನೂ ಮೂರೇ ದಿನದಲ್ಲಿ ಕಲಿತಳು. ದಢೇಸುಗೂರಿನಿಂದ ಬಂದ ಸೊಸೆ. ಮೂವತ್ಮೂರು ವರ್ಷ, ಮೂರು ಮಕ್ಕಳು, ಕುಟುಂಬ ಯೋಜನೆಯ ಆಪರೇಶನ್ ಆಗಿತ್ತು. ಹೆಚ್ಚು ಮಾತಿನವಳಲ್ಲ.

ಹತ್ತೊಂಬತ್ತನೆಯ ದಿನ ಅಮರಪ್ಪ ಕೋಲು ಹಿಡಿದು, ಕಾಲೆಳೆಯುತ್ತ ಬಾಗಿಲವರೆಗೆ ನಡೆದ. ಮಾತು ತೊದಲಿದರೂ ಅರ್ಥವಾಗುತ್ತಿತ್ತು. ಬಿ.ಪಿ. ೧೬೦/೧೦೦ಕ್ಕೆ ಇಳಿದಿತ್ತು. ಡಿಸ್ಚಾರ್ಜ್ ಚೀಟಿ ಬರೆದು ಹುಲಿಗೆಮ್ಮನ ಕೈಗೆ ಕೊಟ್ಟೆ. ಉಪ್ಪು ಕಡಿಮೆ, ಬೀಡಿ ಬಂದ್, ಗುಳಿಗೆ ತಪ್ಪಿಸಬಾರದು, ಹದಿನೈದು ದಿನಕ್ಕೊಮ್ಮೆ ಬಂದು ತೋರಿಸಬೇಕು. ನಾನು ಹೇಳಿದ್ದು ಇಷ್ಟೇ ಎಂದು ನನ್ನ ನೆನಪು.

ಮೊದಲ ಎರಡು ತಿಂಗಳು ಇಬ್ಬರೂ ಬಂದರು. ಆಮೇಲೆ ಹುಲಿಗೆಮ್ಮ ಒಬ್ಬಳೇ ಬರತೊಡಗಿದಳು. ಬಂದು ಗುಳಿಗೆ ತೆಗೆದುಕೊಂಡು ಹೋಗುತ್ತಿದ್ದಳು. ಹೆಂಗದಾರ ಎಂದು ಕೇಳಿದರೆ "ಅದಾರ್ರಿ" ಅನ್ನುತ್ತಿದ್ದಳು. ನಾನು ಮತ್ತೆ ಕೇಳುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಅಮರಪ್ಪನನ್ನು ಮತ್ತೆ ತಂದರು. ತಲೆ ಸಿಡಿಯುತ್ತಿದೆ ಎಂದು ಬಲಗೈಯಿಂದ ಹಣೆ ಒತ್ತಿಕೊಂಡಿದ್ದ. ಮೂಗಿನಲ್ಲಿ ರಕ್ತ ಬಂದು ಅಂಗಿಯ ಮೇಲೆ ಒಣಗಿತ್ತು. ಬಿ.ಪಿ. ೨೨೦/೧೩೦. ಡಾಕ್ಟರು ಇಂಜೆಕ್ಷನ್ ಕೊಡಿಸಿದರು. ಎರಡನೆಯ ಸ್ಟ್ರೋಕಿಗೆ ಇವನು ಎಷ್ಟು ಹತ್ತಿರವಿದ್ದ ಎಂದು ನಮಗೆ ಗೊತ್ತಿತ್ತು. ಎರಡನೆಯದರಲ್ಲಿ ಬಹಳ ಜನ ಎದ್ದು ಬರುವುದಿಲ್ಲ.

"ಗುಳಿಗಿ ತಗೊಂಡಿಯೇನಪಾ?" ಎಂದು ಕೇಳಿದೆ.

ಅವನು ಗೋಡೆ ಕಡೆ ಮುಖ ಮಾಡಿದ. ಹುಲಿಗೆಮ್ಮ ಸೆರಗಿನ ಗಂಟು ಬಿಚ್ಚಿ ಗುಳಿಗೆಗಳನ್ನು ಮೇಜಿನ ಮೇಲೆ ಸುರಿದಳು. ಎರಡು ಹಿಡಿಯಷ್ಟಿದ್ದವು. "ಹಾಸಿಗಿ ಕೆಳಗ ಸಿಕ್ಕಾವ್ರಿ," ಅಂದಳು. "ನನ್ನ ಮುಂದ ಬಾಯಾಗ ಹಾಕ್ಕೊಂತಿದ್ರು. ನಾ ಆಕಡಿ ಹೋದ ಕೂಡ್ಲೆ ಉಗುಳ್ಯಾರ."

ಡಾಕ್ಟರು ಅವನನ್ನು ಬೈದರು. ಸಾಯುವ ಆಸೆ ಇದೆಯಾ ಎಂದರು.

ಬೈಗುಳ ಮುಗಿದ ಮೇಲೆ ನಾನು ಇಂಜೆಕ್ಷನ್ ರೂಮಿಗೆ ಹೋಗಿ ಸಿರಿಂಜುಗಳನ್ನು ಕುದಿಯಲು ಇಟ್ಟೆ. ಹುಲಿಗೆಮ್ಮ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು. ಅವಳ ಬಗಲಲ್ಲಿ ಬಟ್ಟೆಯ ಗಂಟಿತ್ತು. ರೋಗಿಯ ಬಟ್ಟೆ ಅಂದುಕೊಂಡೆ.

"ನರ್ಸಮ್ಮ, ಇವರನ್ನ ನೀವು ನೋಡ್ಕೊರ್ರಿ. ನಾ ದಢೇಸುಗೂರಿಗೆ ಹೊಂಟೀನಿ."

"ಯಾಕ?"

"ಅವ್ರ ಹೋಗು ಅಂದಾರ. ಮೂರು ತಿಂಗಳಾತು, ದಿನಾ ಅದ ಮಾತು. ತವರಿಗೆ ಹೋಗು, ನನ್ನ ಕಣ್ಣ ಮುಂದ ಇರಬ್ಯಾಡ ಅಂತ." ಅವಳು ಅಳುತ್ತಿರಲಿಲ್ಲ. "ಎಲ್ಲಾ ನಿಮ್ಮ ಮಾತಿನಿಂದ ಆತು."

ನನಗೆ ಅರ್ಥವಾಗಲಿಲ್ಲ.

"ಮನೀಗೆ ಕಳಿಸೋ ದಿನ ನೀವ ಅಂದ್ರಿ. ಒಂದು ವರ್ಷ ಗಂಡ ಹೆಂಡ್ತಿ ದೂರ ಇರ್ರಿ, ಇಲ್ಲಂದ್ರ ಮತ್ತ ಲಕ್ವಾ ಹೊಡೀತೈತಿ, ಜೀವಕ್ಕ ಅಪಾಯ ಅಂತ. ನಾ ಹಂಗ ಇದ್ದೆ. ಅವ್ರು ಎರಡು ಸಲ ಕರದ್ರು. ಬ್ಯಾಡ ಅಂದೆ. ಯಾಕ ಅಂತ ಹೇಳಾಕ ನನಗ ನಾಚಿಕಿ. ಆಮ್ಯಾಲ ಅವ್ರು ಕರೀಲಿಲ್ಲ. ಹೋಗು ಅನ್ನೂದು ಬಿಟ್ರ ಬ್ಯಾರೆ ಮಾತ ಇಲ್ಲ."

ನಾನು ಅಂಥ ಮಾತು ಹೇಳಿದ್ದು ನನಗೆ ನೆನಪಿರಲಿಲ್ಲ. ಇವತ್ತಿಗೂ ಇಲ್ಲ. ಆದರೆ ಹೇಳಿರುತ್ತೇನೆ ಎಂದು ಆ ಕ್ಷಣವೇ ಗೊತ್ತಾಯಿತು. ಟ್ರೇನಿಂಗಿನಲ್ಲಿದ್ದಾಗ ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಹೃದಯದ ರೋಗಿಗಳಿಗೆ ಹಾಗೆ ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿ ನನ್ನ ಬಾಯಿಗೆ ಬಂದಿತ್ತು. ಉಪ್ಪು, ಬೀಡಿ, ಗುಳಿಗೆಯ ಸಾಲಿನಲ್ಲಿ ಅದನ್ನೂ ಎಷ್ಟೋ ಜನರಿಗೆ ಹೇಳಿರಬೇಕು. ಹೇಳುವಾಗ ಅವರ ಮುಖ ನೋಡಿರಲಿಕ್ಕಿಲ್ಲ.

"ಸಂಜಿತನಕ ಇರು," ಅಂದೆ. "ಆಮ್ಯಾಲ ಹೋಗುವಿಯಂತ."

ಹೊರರೋಗಿಗಳು ಮುಗಿದ ಮೇಲೆ ಡಾಕ್ಟರ ಕೋಣೆಗೆ ಹೋದೆ. ತುಮಕೂರು ಕಡೆಯ ಯುವಕ, ಮದುವೆಯಾಗಿ ಆರು ತಿಂಗಳಾಗಿತ್ತು. ನಿಂತುಕೊಂಡೇ ಕೇಳಿದೆ. "ಸರ್, ಸ್ಟ್ರೋಕ್ ಆದವರು ಒಂದು ವರ್ಷ ಹೆಂಡತಿಯಿಂದ ದೂರ ಇರಬೇಕು ಅಂತ ಎಲ್ಲಾದರೂ ಬರೆದಿದೆಯಾ?"

ಅವರು ಬರೆಯುತ್ತಿದ್ದ ಪೆನ್ನು ನಿಂತಿತು. "ಇಲ್ಲವಲ್ಲ. ಯಾರು ಹೇಳಿದ್ದು?"

"ನಾನೇ."

ಅವರು ಕಿವಿಯವರೆಗೆ ಕೆಂಪಾದರು. ನಾನು ಆಗಲಿಲ್ಲ. ನಾಚಿಕೆಯೂ ನನ್ನಲ್ಲಿ ಸತ್ತುಹೋಗಿತ್ತು ಅಂತ ಕಾಣುತ್ತದೆ. ಉಳಿದದ್ದನ್ನೆಲ್ಲ ಹೇಳಿದೆ. ಅವರು ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಹುಡುಕಿದರು. ಹೆಚ್ಚೇನೂ ಸಿಗಲಿಲ್ಲ. ಆಮೇಲೆ ಮೇಜಿನ ಕಡೆ ನೋಡುತ್ತ ತಮಗೆ ಗೊತ್ತಿದ್ದನ್ನು ಹೇಳಿದರು. ಬಿ.ಪಿ. ಹತೋಟಿಗೆ ಬಂದು, ಎರಡು ಮಹಡಿ ಮೆಟ್ಟಿಲು ಹತ್ತುವಷ್ಟು ಶಕ್ತಿ ಇದ್ದವನಿಗೆ ಸಾಮಾನ್ಯವಾಗಿ ಭಯವಿಲ್ಲ. ಸ್ಟ್ರೋಕ್ ಆದ ಮೇಲೆ ಆಸೆ ಕುಂದಬಹುದು, ದೇಹ ಮೊದಲಿನಂತೆ ಒದಗದಿರಬಹುದು. ಅದಕ್ಕೆ ರೋಗವೂ ಕಾರಣ, ಹೆದರಿಕೆಯೂ ಕಾರಣ, ಕೆಲವೊಮ್ಮೆ ನಾವು ಕೊಡುವ ಬಿ.ಪಿ. ಗುಳಿಗೆಯೂ ಕಾರಣ. ಅಮರಪ್ಪನಿಗೆ ಕೊಡುತ್ತಿದ್ದದ್ದು ಮೀಥೈಲ್‌ಡೋಪಾ. ಅದಕ್ಕೆ ಆ ದೋಷವಿದೆ.

"ಬೇರೆ ಮಾತ್ರೆ ಬರೆದುಕೊಡ್ತೀನಿ," ಅಂದರು. "ಆದರೆ ಇದನ್ನೆಲ್ಲ ಅವರಿಗೆ ನಾನು ಹೇಳೋಕಾಗಲ್ಲ ಸಿಸ್ಟರ್. ನೀವೇ ಹೇಳಿ."

ಮೂರು ವರ್ಷದ ನರ್ಸಿಂಗ್ ಟ್ರೇನಿಂಗಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಹೆಣ ಕಟ್ಟುವುದನ್ನು ಕಲಿಸಿದ್ದರು.

ಮೂರನೆಯ ದಿನ ಅಮರಪ್ಪನ ಬಿ.ಪಿ. ೧೭೦/೧೦೦ಕ್ಕೆ ಬಂತು. ಹುಲಿಗೆಮ್ಮ ಆ ಸಂಜೆ ಹೋಗಿರಲಿಲ್ಲ, ಮರುದಿನವೂ ಹೋಗಲಿಲ್ಲ. ಗಂಟು ಮಾತ್ರ ಬಿಚ್ಚಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಬ್ಬರನ್ನೂ ಡ್ರೆಸ್ಸಿಂಗ್ ರೂಮಿಗೆ ಕರೆದು, ಬಾಗಿಲು ಹಾಕಿದೆ. ಅವನನ್ನು ಕುರ್ಚಿಯ ಮೇಲೆ ಕೂರಿಸಿದೆ. ಅವಳು ಗೋಡೆಗೆ ಆನಿಕೊಂಡು ನಿಂತಳು.

"ಅಮರಪ್ಪ, ನಿನ್ನ ಹೆಂಡ್ತಿಗೆ ನಾ ಒಂದು ತಪ್ಪ ಮಾತು ಹೇಳಿದ್ದೆ," ಎಂದು ಸುರು ಮಾಡಿದೆ. "ಒಂದು ವರ್ಷ ನಿನ್ನ ಹತ್ರ ಬರಬಾರದು, ಬಂದ್ರ ನಿನ್ನ ಜೀವ ಹೋಗತೈತಿ ಅಂತ. ಅದು ಸುಳ್ಳು. ಆಕಿ ಅದನ್ನ ನಂಬಿ ಕುಂತಾಳ."

ಅವನು ಹೆಂಡತಿಯನ್ನು ನೋಡಿದ. ಅವಳು ನೆಲ ನೋಡುತ್ತಿದ್ದಳು.

"ಗುಳಿಗಿ ಯಾಕ ಬಿಟ್ಟಿ?" ಎಂದೆ.

"ಮಿಲ್ಲಿನ ಮಂದಿ ನೋಡಾಕ ಬಂದಿದ್ರು," ಅಂದ, ತೊದಲುತ್ತ. "ಗುಳಿಗಿ ತಿಂದ್ರ ಗಂಡಸುತನ ಹೋಗತೈತಿ ಅಂದ್ರು. ನನಗ ಆಗಲೇ ಹೋಗಿತ್ತು. ಗುಳಿಗಿ ಬಿಟ್ರ ಬರತೈತೇನೋ ಅಂತ ಬಿಟ್ಟೆ. ಬರಲಿಲ್ಲ." ಬಲಗೈಯಿಂದ ಹೆಂಡತಿಯನ್ನು ತೋರಿಸಿದ. "ಈಕಿಗಿನ್ನೂ ವಯಸೈತಿ. ನನ್ನ ಜೋಡಿ ಯಾಕ ಕೊಳೀಬೇಕು? ನನ್ನ ಮೈ ಕಂಡ್ರ ಹೇಸಿಗಿ ಪಡ್ತಾಳ. ಜಳಕ ಮಾಡಸ್ತಾಳ, ಉಣಸ್ತಾಳ, ದನಕ್ಕ ಮಾಡಿದಂಗ ಮಾಡ್ತಾಳ. ಏಳು ತಿಂಗಳಾತು ನರ್ಸಮ್ಮ. ಪ್ರೀತಿಲೆ ಒಂದು ದಿನ ಕೈ ಸೈತ ಹಿಡದಿಲ್ಲ."

ಹುಲಿಗೆಮ್ಮ ಗೋಡೆ ಬಿಟ್ಟು ಮುಂದೆ ಬಂದಳು. "ಯಾಕ ಸುಳ್ಳ ಹೇಳ್ತೀರಿ? ದಿನಾ ದೀಪ ಆರಿಸಿದ ಮ್ಯಾಲ ನಿಮ್ಮ ಕೈ ಹಿಡ್ಕೊಂಡ ಮಕ್ಕೊಂತೀನಿ. ಅಷ್ಟರ ಇರ್ಲಿ ಅಂತ. ನೀವು ಒಂದು ಸಲನೂ ತಿರುಗಿ ಹಿಡೀಲಿಲ್ಲ. ಬ್ಯಾಡಾಗೀನಿ ಅಂತ ನಾ ಸುಮ್ಮನಾದೆ."

"ಯಾವಾಗ ಹಿಡದಿ?"

"ದಿನಾ."

"ಯಾವ ಕೈ?"

ಅವಳು ಅವನ ಎಡಗೈ ತೋರಿಸಿದಳು. ಮೊದಲಿನಿಂದಲೂ ಅವಳು ಮಲಗುತ್ತಿದ್ದದ್ದು ಅವನ ಎಡಕ್ಕೆ.

ನಾನು ಮೇಜಿನ ಮೇಲಿದ್ದ ಹತ್ತಿಯನ್ನು ತೆಗೆದುಕೊಂಡು ಎಳೆ ಮಾಡಿದೆ. ಅಮರಪ್ಪನಿಗೆ ಕಣ್ಣು ಮುಚ್ಚು ಅಂದೆ. ಮುಟ್ಟಿದಾಗ ಹೇಳು ಅಂದೆ. ಬಲಗೈಗೆ ಸೋಕಿಸಿದರೆ "ಹ್ಞಾಂ" ಅಂದ. ಬಲಗೆನ್ನೆಗೆ, "ಹ್ಞಾಂ". ಎಡ ಅಂಗೈಗೆ, ಮುಂಗೈಗೆ, ತೋಳಿಗೆ, ಎದೆಯ ಎಡಕ್ಕೆ ಸೋಕಿಸಿದೆ. ಅವನು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದ. ಆಮೇಲೆ ಹುಲಿಗೆಮ್ಮನ ಕೈಯನ್ನೇ ತಂದು ಅವನ ಎಡಗೈಯೊಳಗೆ ಇಟ್ಟೆ. ಅವಳು ಬಿಗಿಯಾಗಿ ಹಿಡಿದಳು.

"ಮುಟ್ರಿ ಮತ್ತ," ಅಂದ ಅಮರಪ್ಪ. ಕಣ್ಣು ಮುಚ್ಚೇ ಇತ್ತು.

"ಕಣ್ಣ ತೆಗಿ," ಅಂದೆ.

ಎಡಭಾಗಕ್ಕೆ ಸ್ಪರ್ಶ ತಿಳಿಯುವುದಿಲ್ಲ ಎಂದು ಅವನ ಕೇಸ್ ಶೀಟಿನಲ್ಲಿ ಫೆಬ್ರವರಿಯಲ್ಲೇ ಡಾಕ್ಟರು ಬರೆದಿದ್ದರು. ನಾನು ಅದನ್ನು ಡಿಸ್ಚಾರ್ಜ್ ಚೀಟಿಗೆ ನನ್ನ ಕೈಯಿಂದಲೇ ಇಂಗ್ಲಿಷಿನಲ್ಲಿ ನಕಲು ಮಾಡಿದ್ದೆ. ಬಿಸಿನೀರು, ಒಲೆ ಹುಷಾರು ಎಂದೂ ಹೇಳಿರಬೇಕು. ಹೆಂಡತಿ ಕೈ ಹಿಡಿದರೆ ಅವನಿಗೆ ಗೊತ್ತಾಗುವುದಿಲ್ಲ ಎಂದು ಹೇಳಬೇಕು ಅಂತ ನನಗೆ ಹೊಳೆದಿರಲಿಲ್ಲ. ಅವನಿಗಾದರೂ ಆ ಕೈ ತನ್ನದಲ್ಲದ ಹಾಗೆ ಬಿದ್ದಿತ್ತು. ಬಲಹೀನ ಎಂದಷ್ಟೇ ಅವನು ತಿಳಿದಿದ್ದ.

ಅವನು ತನ್ನ ಎಡಗೈಯೊಳಗಿದ್ದ ಅವಳ ಕೈಯನ್ನು ನೋಡಿ ಅಳತೊಡಗಿದ. ಸೊಟ್ಟ ಬಾಯಿಯ ಅಳು. ಅವಳು ಸೆರಗಿನಿಂದ ಅವನ ಮೂಗು ಒರೆಸಿದಳು. ನನಗೆ ಏನೂ ಆಗಲಿಲ್ಲ. ಅವನು ಸುಮ್ಮನಾಗುವವರೆಗೆ ಡ್ರೆಸ್ಸಿಂಗ್ ಟ್ರೇಯಲ್ಲಿದ್ದ ಚಿಮಟಗಳನ್ನು ಸಾಲಾಗಿ ಜೋಡಿಸುತ್ತಿದ್ದೆ.

ಆಮೇಲೆ ಹೇಳಬೇಕಾದ್ದನ್ನೆಲ್ಲ ಹೇಳಿದೆ. ಜ್ವರದ ಔಷಧ ಹೇಗೆ ಕುಡಿಸಬೇಕು ಎಂದು ಹೇಳುವ ದನಿಯಲ್ಲೇ ಹೇಳಿದೆ. ಹೊಸ ಗುಳಿಗೆ ಬೇರೆ, ಅದನ್ನು ಬಿಡಬಾರದು. ಬಿ.ಪಿ. ಇನ್ನೂ ಇಳಿಯಬೇಕು. ಹದಿನೈದು ದಿನ ಬಿಟ್ಟು ಬಂದಾಗ ನೋಡಿ ಹೇಳುತ್ತೇನೆ, ಅಲ್ಲಿವರೆಗೆ ಕೂಡುವುದು ಬೇಡ. ಪಕ್ಕದಲ್ಲಿ ಮಲಗಲಿಕ್ಕೆ, ಹಿಡಿದುಕೊಳ್ಳಲಿಕ್ಕೆ ಇವತ್ತಿನಿಂದಲೇ ಅಡ್ಡಿಯಿಲ್ಲ. ಹುಲಿಗೆಮ್ಮ ಬಲಕ್ಕೆ ಮಲಗಬೇಕು. ಎಡಗೈ, ಎಡಗಾಲಿನ ಕೆಳಗೆ ದಿಂಬು ಇಡಬೇಕು. ದಣಿದಾಗ, ಹೊಟ್ಟೆ ತುಂಬಾ ಉಂಡಾಗ ಬೇಡ. ಬೆಳಗಿನ ಹೊತ್ತು ಮೈಯಲ್ಲಿ ಶಕ್ತಿ ಇರುತ್ತದೆ. ಭಾರ ಅವನ ಮೇಲೆ ಬೀಳದಂತೆ ಅವಳೇ ನೋಡಿಕೊಳ್ಳಬಹುದು. ಇಲ್ಲಿ ಹುಲಿಗೆಮ್ಮ ತಲೆ ತಗ್ಗಿಸಿದಳು. ನಾನು ನಿಲ್ಲಿಸಲಿಲ್ಲ. ತಲೆನೋವು, ಎದೆನೋವು ಬಂದರೆ ಬಿಟ್ಟು ಕೂಡಲೇ ಆಸ್ಪತ್ರೆಗೆ ಬರಬೇಕು. ದೇಹ ಒದಗದಿದ್ದರೆ ಅದು ಯಾರ ತಪ್ಪೂ ಅಲ್ಲ, ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ, ಕೆಲವರಿಗೆ ಮೊದಲಿನಂತೆ ಆಗುವುದೇ ಇಲ್ಲ.

"ಆಗದಿದ್ರ?" ಅಂದ ಅಮರಪ್ಪ.

"ಆಗದಿದ್ರ ಬಲಗೈ ಐತಲ್ಲ. ಆಕಿ ಕೈ ಹಿಡಕೊ."

ಹುಲಿಗೆಮ್ಮ ಕೇಳಿದ್ದು ಒಂದೇ. "ಮತ್ತ ಲಕ್ವಾ ಹೊಡದ್ರ ನನ್ನಿಂದ ಆತು ಅಂತಾರೇನ್ರಿ?"

"ಅಂದ್ರ ನನ್ನ ಹತ್ರ ಕಳಸು. ನಾ ಹೇಳ್ತೀನಿ."

ಅಷ್ಟರಲ್ಲಿ ಎರಡು ಗಂಟೆಯ ಇಂಜೆಕ್ಷನ್‌ಗಳ ಹೊತ್ತಾಗಿತ್ತು. ನಾನು ವಾರ್ಡಿಗೆ ಹೋದೆ. ಮರುದಿನ ಅವರು ಸಂತೆಕಲ್ಲೂರಿನ ಬಸ್ಸು ಹತ್ತಿದರು, ಗಂಟಿನ ಸಮೇತ.

ಹದಿನೈದು ದಿನಕ್ಕೆ ಇಬ್ಬರೂ ಬಂದರು. ೧೬೦/೯೬. ಇನ್ನೊಂದು ತಿಂಗಳಿಗೆ ೧೫೦/೯೦. ಡಾಕ್ಟರು ಇನ್ನು ಕೂಡಿದರೆ ಪರವಾಗಿಲ್ಲ ಅಂದರು, ನಾನು ಆ ಮಾತನ್ನು ಗಂಡ ಹೆಂಡತಿಗೆ ಮುಟ್ಟಿಸಿದೆ. ಮುಂದಿನದನ್ನು ಕೇಳಲಿಲ್ಲ. ಡಿಸೆಂಬರಿನಲ್ಲಿ ಗುಳಿಗೆ ಕಟ್ಟಿಕೊಡುವಾಗ ಹುಲಿಗೆಮ್ಮ ತಾನಾಗಿಯೇ ಹೇಳಿದಳು. "ಮೊದಲಿನಂಗ ಇಲ್ರಿ. ಒಂದೊಂದು ಸಲ ಆಗತೈತಿ, ಒಂದೊಂದು ಸಲ ಇಲ್ಲ. ಆದ್ರ ಮಾತಾಡ್ತಾರ್ರಿ ಈಗ. ಬೆಳತನಕ ಮಿಲ್ಲಿನ ಸುದ್ದಿ ಹೇಳ್ತಾರ, ಸಾಕಾಗಿ ಹೋಗೈತಿ." ಅಂದು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಮಾಲಿ ಅವನಿಗೆ ಮತ್ತೆ ಆಗಲಿಲ್ಲ. ಮಿಲ್ಲಿನವರು ಗೇಟಿನ ಬಳಿ ಕೂರುವ ಕೆಲಸ ಕೊಟ್ಟರು. ಅವಳಿಗೆ ಅಲ್ಲಿಯೇ ಭತ್ತ ಒಣಗಿಸುವ ಕಣದಲ್ಲಿ ಕೂಲಿ ಸಿಕ್ಕಿತು. ಹದಿನೈದು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿ ವಾರದ ಏಳೂ ದಿನ ಒಂದೇ ಮನೆಯಲ್ಲಿ ಇದ್ದದ್ದು ಆಮೇಲೆಯೇ.

ಆ ನಡುವೆ ನಾನು ಮಾಡಿದ ಇನ್ನೊಂದು ಕೆಲಸವಿದೆ. ಹಳೆಯ ರಿಜಿಸ್ಟರುಗಳನ್ನು ತೆಗೆದು, ನನ್ನ ಕಾಲದಲ್ಲಿ ಲಕ್ವಾ ಹೊಡೆದು ಮನೆಗೆ ಹೋದವರ ಹೆಸರು ಬರೆದುಕೊಂಡೆ. ಅಮರಪ್ಪನಲ್ಲದೆ ಹದಿನಾಲ್ಕು ಜನ. ಆರು ಜನ ಸತ್ತಿದ್ದರು. ಒಬ್ಬನನ್ನು ಬಿಟ್ಟು ಹೆಂಡತಿ ಹೋಗಿದ್ದಳು, ಅದು ನನ್ನ ಮಾತಿನಿಂದಲೋ ಬೇರೆ ಕಾರಣಕ್ಕೋ ತಿಳಿಯಲಿಲ್ಲ. ಉಳಿದ ಏಳು ಮನೆಗಳಿಗೆ ರಜೆಯ ದಿನಗಳಲ್ಲಿ ಹೋಗಿ, ನಾನು ಹೇಳಿದ್ದು ತಪ್ಪು ಎಂದು ಹೇಳಿ ಬಂದೆ. ಒಂದು ಮನೆಯಲ್ಲಿ ಅತ್ತೆ ನನ್ನನ್ನು ಬೈದು ಹೊರಗೆ ಹಾಕಿದಳು. ಇನ್ನೊಂದರಲ್ಲಿ ಚಹಾ ಕೊಟ್ಟರು. ಪಶ್ಚಾತ್ತಾಪದಿಂದ ಹೋದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಆಗ ನನಗೆ ಯಾವ ಭಾವನೆಯೂ ಇರಲಿಲ್ಲ. ಹೋಗಬೇಕಾಗಿತ್ತು, ಹೋದೆ.

೧೯೯೩ರಲ್ಲಿ ನನಗೆ ಸಿಂಧನೂರಿಗೆ ವರ್ಗವಾಯಿತು. ಅಲ್ಲಿ ಎರಡನೆಯ ವರ್ಷ, ಸುಗ್ಗಿ ಮುಗಿದ ಮೇಲೆ, ಅಮರಪ್ಪ ಕೋಲೂರಿಕೊಂಡು ಬಂದ. ಹಿಂದೆ ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸು ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ರೈತ, ಆ ಮಿಲ್ಲಿಗೆ ಭತ್ತ ತರುತ್ತಿದ್ದವನು. ಬಲಗೈಯನ್ನು ಎದೆಗೆ ಅವುಚಿಕೊಂಡಿದ್ದ. ಲಕ್ವಾ ಹೊಡೆದು ನಾಲ್ಕು ತಿಂಗಳಾಗಿತ್ತು. ಬಿ.ಪಿ. ನೋಡಿದೆ, ಚೆನ್ನಾಗಿಯೇ ಇತ್ತು. ಗುಳಿಗೆ ಇತ್ತು. ಮತ್ತೆ ಯಾಕೆ ಬಂದರು ಎಂದು ಅಮರಪ್ಪನ ಮುಖ ನೋಡಿದೆ.

"ನನಗ ಹೇಳಿದ್ದು ಇವರಿಗೂ ಹೇಳ್ರಿ ನರ್ಸಮ್ಮ," ಅಂದ. "ತಾವಾಗಿ ಇವ್ರು ಕೇಳಂಗಿಲ್ಲ. ನಾನೂ ಕೇಳಿದ್ದಿಲ್ಲ. ನೀವ ಸುರು ಮಾಡಬೇಕು." ಅಷ್ಟು ಹೇಳಿ, ಹೊರಗೆ ಹೋಗಿ ಬೆಂಚಿನ ಮೇಲೆ ಕೂತ.

ಮೂವತ್ತೆರಡು ವರ್ಷದ ನೌಕರಿಯಲ್ಲಿ ನಾನು ಅನೇಕ ಟ್ರೇನಿಂಗುಗಳಿಗೆ ಹೋಗಿ ಬಂದಿದ್ದೇನೆ. ನನ್ನ ಕೆಲಸದ ಬಗ್ಗೆ ಇದಕ್ಕಿಂತ ಹೆಚ್ಚಿನದನ್ನು ಯಾರೂ ಕಲಿಸಲಿಲ್ಲ. ರೋಗಿ ಕೇಳಲಿಲ್ಲ ಎಂದರೆ ಅವನಿಗೆ ಬೇಕಾಗಿಲ್ಲ ಎಂದಲ್ಲ. ಕೇಳುವ ನಾಚಿಕೆಯನ್ನು ಮೊದಲು ನಾವು ಹೊತ್ತುಕೊಳ್ಳಬೇಕು, ಹೇಳುವ ಮಾತು ಮಾತ್ರ ಸರಿಯಾಗಿರಬೇಕು, ಮುಖ ನೋಡಿ ಹೇಳಬೇಕು.

ಬಾಗಿಲು ಹಾಕಿ ಬಂದು ಅವರ ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ. "ಮನ್ಯಾಗ ಇಬ್ಬರೂ ಹೆಂಗ ಮಕ್ಕೊಂತೀರಿ?" ಎಂದು ಕೇಳಿದೆ. ಗಂಡಸು ನೆಲ ನೋಡಿದ. ನಾನು ಅವಸರ ಮಾಡಲಿಲ್ಲ. ಆ ಹೆಂಗಸು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ತನಗೆ ಬರುವಷ್ಟು ಕನ್ನಡದಲ್ಲಿ ಹೇಳತೊಡಗಿದಳು.